ಕೋಟಿ ಜನ ನಕ್ಕ ನಮಸ್ಕಾರ

ನಮ್ಮ ಉರಾಬೆ ಬೆನ್ನು ಬಗ್ಗಿಸಿದ್ದನ್ನು ಫೋನಿನಲ್ಲಿ ನೋಡಿ ನಗದವರು ಈ ಭೂಮಿಯ ಮೇಲೆ ಯಾರೂ ಉಳಿದಿಲ್ಲ. ಬ್ರೆಜಿಲ್ಲಿನಲ್ಲಿ ಹೆರಿಗೆ ನೋವಿನಲ್ಲಿದ್ದ ಹೆಂಗಸೊಬ್ಬಳು ಅದನ್ನು ನೋಡಿ ನಗುನಗುತ್ತಲೇ ಹೆತ್ತಳಂತೆ. ಜಪಾನಿನ ನಮ್ಮ ಶಿಮಿಜು ಬಂದರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ನಾನು ಸುಳ್ಳು ಹೇಳುವವನಲ್ಲ.

ಮೂವತ್ತು ವರ್ಷದ ಹಿಂದಿನ ಫುಟ್‌ಬಾಲ್ ಪಂದ್ಯ ಅದು. ಉರಾಬೆ ಡಿಫೆಂಡರ್, ನಾನು ಗೋಲ್‌ಕೀಪರ್. ಏಷ್ಯಾ ಖಂಡದಲ್ಲಿ ನನ್ನಂಥವನು ಇನ್ನೊಬ್ಬನಿರಲಿಲ್ಲ. ಆಟ ಇನ್ನೂ ನಡೆದಿರುವಾಗಲೇ ಜನರ ನಡುವಿನಿಂದ ಯಾವನೋ ಪುಣ್ಯಾತ್ಮ ಸೀಟಿ ಊದಿದ. ಆಟ ಮುಗಿಯಿತೆಂದುಕೊಂಡ ಉರಾಬೆ, ನಾವೆಲ್ಲ ಚಿಕ್ಕಂದಿನಿಂದ ಮಾಡುವ ಹಾಗೆ, ಸೊಂಟ ಬಗ್ಗಿಸಿ ಮೈದಾನಕ್ಕೆ ನಮಸ್ಕಾರ ಮಾಡಿದ. ಅವನ ತಲೆ ಇದ್ದ ಜಾಗದಿಂದಲೇ ಚೆಂಡು ಹಾರಿ ಬಂದು ಗೋಲಿಗೆ ಬಿತ್ತು. ನಾನು ಹುಲಿಯ ಹಾಗೆ ನೆಗೆದಿದ್ದೆ. ಚೆಂಡೇ ಹೆದರಿ ದಾರಿ ಬದಲಿಸಿತು.

ಈ ವರ್ಷ ಯಾರೋ ಆ ಪಂದ್ಯದ ವಿಡಿಯೋ ತುಣುಕನ್ನು ಹರಿಯಬಿಟ್ಟರು. ಅಂಗಿಯ ಮೇಲೆ, ಲೋಟದ ಮೇಲೆ, ಎಲ್ಲೆಲ್ಲೂ ಉರಾಬೆಯ ಬೆನ್ನೇ. ಅದಾದರೂ ಹೋಗಲಿ. ನಿವೃತ್ತನಾದ ಮೇಲೆ ಅವನು ಪ್ರಾಥಮಿಕ ಶಾಲೆಯ ಹುಡುಗಿಯರಿಗೆ ಆಟ ಕಲಿಸುತ್ತಾನೆ. ಆ ಮಕ್ಕಳು ಮೈದಾನಕ್ಕೆ ನಮಸ್ಕರಿಸಿದಾಗಲೆಲ್ಲ ಎದುರು ಕಡೆಯವರು ಫೋನ್ ಎತ್ತಿ "ಬಗ್ಗು, ಬಗ್ಗು!" ಎಂದು ಕೂಗತೊಡಗಿದರು. ಗೋಲು ಕಾಯುವ ಫುಕಿನೊ ಅತ್ತೇಬಿಟ್ಟಳು.

ಹೆಡ್‌ಮಾಸ್ಟರ್ ನುಮಾತಾ ಉರಾಬೆಯನ್ನು ಹುಡುಕಿಕೊಂಡು ಮೂಲಂಗಿ, ಮೀನಿನುಂಡೆ ಬೇಯಿಸಿ ಮಾರುವ ನನ್ನ ಓದೆನ್ ಅಂಗಡಿಗೇ ಬಂದರು.

"ಉರಾಬೆ ಸಾನ್, ಭಾನುವಾರದ ಪಂದ್ಯದಲ್ಲಿ ನಮಸ್ಕಾರ ಬೇಡ. ಮಾಡಿದ್ರೆ ತಂಡನ ಬೇರೆಯವರಿಗೆ ಕೊಡಬೇಕಾಗುತ್ತೆ."

ಅವರು ಹೋದ ಮೇಲೆ ನಾನೂ ಕೆಣಕಿದೆ. "ಬಿಟ್ಬಿಡೋ ಮಾರಾಯ. ಒಂದ್ಸಲ ಬಗ್ಗಿದ್ದಕ್ಕೇ ನನ್ನ ಮಾನ ಲೋಕದ ತುಂಬಾ ಹರಾಜಾಯ್ತು."

ಅವನು ಬಟ್ಟಲಿನ ಮೂಲಂಗಿಯಿಂದ ಕಣ್ಣೆತ್ತಲಿಲ್ಲ. "ಅವತ್ತು ತಪ್ಪಿದ್ದು ಕಿವಿ, ಅಣ್ಣಾ. ಬೆನ್ನು ತಪ್ಪಿಲ್ಲ."

ಭಾನುವಾರ ಹುಡುಗಿಯರು ಸೋತರು. ರೆಫರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ, ಬಿಡಿ. ಕೊನೆಯ ಸೀಟಿಯಾದದ್ದೇ ತಡ, ಕಾಡು ಬೆಳೆದ ಹಾಗೆ ಫೋನುಗಳು ಎದ್ದವು. ಮಕ್ಕಳು ಹೆಡ್‌ಮಾಸ್ಟರರ ಮುಖ ನೋಡಿದರು. ಅವರು ತಲೆಯಾಡಿಸಿ ಬೇಡವೆಂದರು.

ಉರಾಬೆ ಒಬ್ಬನೇ ಗೆರೆಯ ಬಳಿ ಹೋಗಿ ನಿಂತು, ಬಗ್ಗಿದ.

ಎಂಥ ನಗು ಎದ್ದಿತೆಂದರೆ ಬಂದರಿನಲ್ಲಿ ಹಡಗುಗಳು ಅಲುಗಾಡಿದವು. ಅವನು ಏಳಲಿಲ್ಲ. ನಗು ಸುಸ್ತಾಯಿತು, ಆಗಲೂ ಏಳಲಿಲ್ಲ. ಅರ್ಧದಷ್ಟು ಫೋನುಗಳ ಬ್ಯಾಟರಿ ಸತ್ತುಹೋಯಿತು, ಫುಜಿ ಪರ್ವತದ ಮೇಲೆ ಎರಡು ಸಲ ಹಿಮ ಬಿದ್ದು ಕರಗಿತು, ಅವನು ಬಗ್ಗಿಯೇ ಇದ್ದ. ಅಷ್ಟರಲ್ಲಿ ಫುಕಿನೊ ಕೈಗವಸು ಕಳಚಿ, ಓಡಿಬಂದು ಅವನ ಪಕ್ಕದಲ್ಲಿ ಬಗ್ಗಿದಳು. ಅವಳ ಹಿಂದೆ ಇಡೀ ತಂಡ.

"ಏಳ್ರೇ, ಸಾಕು!" ಎಂದು ಹೆಡ್‌ಮಾಸ್ಟರ್ ಹಲ್ಲು ಕಚ್ಚಿದರು. "ಎಲ್ಲಾ ವಿಡಿಯೋ ಮಾಡ್ತಿದ್ದಾರೆ!"

ಫುಕಿನೊ ಬಗ್ಗಿದ್ದಲ್ಲಿಂದಲೇ ಕೂಗಿ ಹೇಳಿದಳು: "ಮಾಡ್ಕೊಳ್ಳಿ ಸರ್. ಅವರ ನಗು ಮುಗಿದಿದ್ರೆ ಮನೆಗೆ ಹೋಗ್ಲಿ. ನಮ್ ನಮಸ್ಕಾರ ಇನ್ನೂ ಮುಗಿದಿಲ್ಲ."