ಬಿಟ್ಟ ಪೆಟ್ಟು

ಹಾಡಿನ ಮೂರನೆಯ ಸಾಲಿಗೆ ಬಂದಾಗ ಅಕ್ಷಯನ ಉಸಿರು ಮತ್ತೆ ಕಟ್ಟಿತು. ಅವತ್ತು ಅದು ಇನ್ನೂರನೆಯ ಸಲ. ಹನ್ನೊಂದನೆಯ ಸಲ ಎಂದು ನಮಿತಾ ಆಮೇಲೆ ವಾದಿಸಿದಳು. ಆದರೆ ನಮಿತಾ ಬೇಸ್ ಗಿಟಾರ್ ನುಡಿಸುವವಳು, ನಾಲ್ಕು ತಂತಿಯ ಆಚೆಗೆ ಎಣಿಸುವ ರೂಢಿ ಅವಳಿಗಿಲ್ಲ. ಹೊಸ ಡ್ರಮ್ಮರ್ ಮನೀಶ್ ಮಾತ್ರ ಇನ್ನೂ ಬಾರಿಸುತ್ತಲೇ ಇದ್ದ. ಅವನನ್ನು ನಿಲ್ಲಿಸುವುದೆಂದರೆ ಓಡುವ ರಾಜಧಾನಿ ಎಕ್ಸ್‌ಪ್ರೆಸ್ಸಿಗೆ ಅಡ್ಡಗಾಲು ಕೊಟ್ಟ ಹಾಗೆ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಮೂರನೆಯ ಮಹಡಿ. ಈ ಕಡೆ ಪ್ಲಾಸ್ಟಿಕ್ ಬಕೆಟಿನ ಕಾರ್ಖಾನೆ, ಆ ಕಡೆ ಫರಸಾಣ್ ಕರಿಯುವ ಕಾರ್ಖಾನೆ. ನಡುವೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿಕೊಂಡ ಹತ್ತಡಿಯ ಕೋಣೆಯಲ್ಲಿ ‘ಗಡಂಗು’ ಎಂಬ ರಾಕ್ ಬ್ಯಾಂಡಿನ ತಾಲೀಮು. ಪಕ್ಕದ ಬಾಣಲೆಯ ವಾಸನೆಯಲ್ಲಿ ಇವರ ಗಿಟಾರುಗಳು ಎಷ್ಟು ನೆಂದಿದ್ದವೆಂದರೆ, ಒಂದೊಂದನ್ನು ಹಿಂಡಿದರೆ ನೂರು ಮಂದಿಗೆ ಭಜಿ ಕರಿಯಬಹುದಿತ್ತು. ಕಳ್ಳಂಗಡಿಯ ಹೆಸರನ್ನು ಬ್ಯಾಂಡಿಗೆ ಇಟ್ಟದ್ದು ಕೇಳಿ ಅಕ್ಷಯನ ಅಜ್ಜಿ ನೀಲಾವತಿ ಒಂದು ತಿಂಗಳು ಊಟ ಬಿಟ್ಟಿದ್ದರು. ತಿಂಡಿ, ಕಾಫಿ ಬಿಟ್ಟಿರಲಿಲ್ಲ.

"ಕ್ಯಾ ಬಾಸ್?" ಕೊನೆಗೂ ನಿಂತ ಮನೀಶ್ ಬೆವರು ಒರೆಸಿಕೊಂಡ. "ನಾನು ತೋ ಪರ್ಫೆಕ್ಟ್ ಬಾರಿಸಿದೆ ನಾ?"

"ನೀನು ಪರ್ಫೆಕ್ಟೇ ಮಾರಾಯ. ನನ್ನ ಗಂಟಲೇ ಸರಿ ಇಲ್ಲ."

"ಗಂಟಲು ನಹೀ ಹೈ ಅಕ್ಷಯ್," ಎಂದಳು ನಮಿತಾ, ತಂತಿ ಬಿಗಿಸುತ್ತ. "ಅಣವೀರ್ ಇದ್ದಾಗ ಈ ಲೈನಲ್ಲಿ ಹೀಗೆ ಆಗ್ತಾ ಇರ್ಲಿಲ್ಲ."

ಬಕೆಟಿನ ಯಂತ್ರ ಕೂಡ ಆ ಹೆಸರು ಕೇಳಿ ಒಂದು ಕ್ಷಣ ನಿಂತಿತು.

ಅಣವೀರಪ್ಪ ಏಳು ವರ್ಷ ಆ ಬ್ಯಾಂಡಿನ ಹಿಂದೆ ಡ್ರಮ್ಮಿಗೆ ಕೂತಿದ್ದವನು. ಅಫಜಲಪುರದ ಕಡೆಯವನು, ಲೋವರ್ ಪರೇಲಿನ ಗೋಪುರದಂಥ ಬಿಲ್ಡಿಂಗುಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಗಡಂಗಿನ ಫೋಟೋಗಳು ಜಗತ್ತಿನಲ್ಲಿ ಹತ್ತು ಸಾವಿರ ಇರಬಹುದು. ಅವುಗಳಲ್ಲಿ ಅಣವೀರಪ್ಪನದೆಂದು ಸಿಗುವುದು ಒಂದು ಮೊಣಕೈ ಮತ್ತು ಅರ್ಧ ಕಿವಿ. ಮನೀಶ್ ಬಾರಿಸಿದರೆ ವಿರಾರದವರೆಗಿನ ಪಾರಿವಾಳಗಳು ಎದ್ದು ಹಾರುತ್ತಿದ್ದವು. ಅಣವೀರಪ್ಪ ಬಾರಿಸಿದರೆ ಅವನ ತೊಡೆಯ ಮೇಲೆ ಕೂತ ಪಾರಿವಾಳವೂ ಕಣ್ಣು ತೆರೆಯುತ್ತಿರಲಿಲ್ಲ. ಠಪ್, ಠಪ್, ಠಪ್. ಅಷ್ಟೇ. ಅದರಲ್ಲೂ ಅಕ್ಷಯನೇ ಬರೆದ ಹಾಡಿನ ಮೂರನೆಯ ಸಾಲಿನಲ್ಲಿ ಒಂದು ಪೆಟ್ಟು ಬಾರಿಸದೆ ಬಿಟ್ಟೇ ಬಿಡುತ್ತಿದ್ದ. "ಯಾಕೆ ಬಿಡ್ತಿ ಮಾರಾಯ?" ಎಂದರೆ "ಹೂಂ" ಎನ್ನುತ್ತಿದ್ದ. ಮರುದಿನ ಮತ್ತೆ ಬಿಡುತ್ತಿದ್ದ.

ನಾಲ್ಕು ತಿಂಗಳ ಹಿಂದೆ, ಒಂದು ಕಾಲೇಜಿನ ಕಾರ್ಯಕ್ರಮ ಮುಗಿದ ಮೇಲೆ, ಎಲ್ಲರೆದುರು ಅಕ್ಷಯ ಹೇಳಿದ್ದ: "ಇವತ್ತು ಒಂಬತ್ತು ಪೆಟ್ಟು ಬಿಟ್ಟಿದ್ದಿ. ನಾನು ಎಣಿಸಿದ್ದೇನೆ."

"ಎಣಿಸಿದ್ಯಾ?" ಎಂದಿದ್ದ ಅಣವೀರಪ್ಪ.

"ಹೌದು. ಒಂದೊಂದೂ."

"ಹಂಗಾರ ಆತ ಬಿಡು."

ಎರಡೂ ಕೋಲುಗಳನ್ನು ಒರೆಸಿ, ಡ್ರಮ್ಮಿನ ಮೇಲಿಟ್ಟು ಹೋದವನು ಮತ್ತೆ ಬರಲಿಲ್ಲ. ಈಗ ಭಾನುವಾರ ಅಂಧೇರಿಯ ಮೈದಾನದಲ್ಲಿ ಗಡಂಗಿನ ಪಾಲಿಗೆ ಈವರೆಗಿನ ಅತಿ ದೊಡ್ಡ ಕಾರ್ಯಕ್ರಮ. ಎಲ್ಲರೂ ಕೇಳುವುದು ಅದೇ ಹಾಡು. ಆ ಹಾಡಿನಲ್ಲಿ ಎರಡು ಸಾಲು ದಾಟಿದ ಮೇಲೆ ಅಕ್ಷಯನಿಗೆ ಮೂರನೆಯದು ಸಿಗುತ್ತಿರಲಿಲ್ಲ.

ಮರುದಿನ ಫೋರ್ಟಿನಲ್ಲಿ, ಅಪ್ಪ ಕಾಂತಪ್ಪನವರ ಉಡುಪಿ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಅಕ್ಷಯ ಮುಖ ಇಳಿಬಿಟ್ಟು ನಿಂತಿದ್ದ. ಆ ಮುಖವನ್ನು ನೋಡಿಯೇ ನಾಲ್ಕು ಗಿರಾಕಿಗಳು ಎದುರಿನ ಹೋಟೆಲಿಗೆ ಹೋದರೆಂದು ಕಾಂತಪ್ಪ ಇಂದಿಗೂ ಹೇಳುತ್ತಾರೆ.

"ಅಲ್ಲ ಮಾರಾಯ, ನಿಮ್ಮ ಹಿಂದೆ ಕೂರುವವ ಎಲ್ಲಿ ಹೋದ? ಆ ಲಿಫ್ಟಿನವ?" ಕಾಂತಪ್ಪ ಕೇಳಿದರು.

"ಬಿಟ್ಟ."

"ಅವ ಬಿಟ್ಟದ್ದಾ, ನೀನು ಬಿಡಿಸಿದ್ದಾ?"

"ಅಪ್ಪ, ಅವ ಪೆಟ್ಟು ತಪ್ಪಿಸ್ತಿದ್ದ."

"ನಂಗೆ ನಿನ್ನ ಸಂಗೀತ ಎಲ್ಲ ಗೊತ್ತಿಲ್ಲ. ನೀನು ಹಾಡಿದ್ರೆ ನಂಗೆ ಕೆಮ್ಮು ಬರ್ತದೆ. ಅವ ಇರುವಾಗ ಬರ್ತಿರ್ಲಿಲ್ಲ, ಅಷ್ಟು ಹೇಳಿಯೇನು." ಕಾಂತಪ್ಪ ಒಳಗಿನ ಬಾಗಿಲ ಕಡೆ ಗದ್ದದಲ್ಲೇ ಸನ್ನೆ ಮಾಡಿದರು. "ದೋಸೆ ಹೊಯ್ಯುವವನ ವೀಡಿಯೊ ತೆಗೀತಾರೆ ಗಿರಾಕಿಗಳು. ಹಿಟ್ಟು ಕಡೆಯುವವನ ಮುಖ ಯಾರಾದ್ರೂ ನೋಡಿದ್ದಾರಾ? ಅವ ಊರಿಗೆ ಹೋದ ವಾರ ಎಲ್ಲರೂ ಬಂದು ದೋಸೆ ಹೊಯ್ಯುವವನಿಗೆ ಬಯ್ತಾರೆ."

ಅಂದು ಸಂಜೆಯೇ ಅಕ್ಷಯ ಕಾಂದಿವಲಿ ಪೂರ್ವದ ಚಾಳಿನಲ್ಲಿದ್ದ ಅಣವೀರಪ್ಪನ ಮನೆಗೆ ಹೋದ. ಅವನಿನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದ ಅವನ ಹೆಂಡತಿ ಮಹಾದೇವಿ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅತ್ತಿಗೆ, ಫೋನ್ ಎತ್ತೋದಿಲ್ಲ ಅವ."

"ಎತ್ತಂಗಿಲ್ರಿ. ನಿಮ್ಮ ಹೆಸರ ಬಂತಂದ್ರ ಫೋನ್ ತೊಡಿ ಮ್ಯಾಲ ಇಟ್ಕೊಂಡ ನೋಡ್ಕೋತ ಕುಂದರ್ತಾರ. ಅದು ಬಡ್ಕೊಂಡ ಬಡ್ಕೊಂಡ ಸುಮ್ಮನಾಗೂತನ. ಆಮ್ಯಾಲ ನನಗ 'ಚಾ ಮಾಡ' ಅಂತಾರ." ಅವಳು ಒಂದು ಕಡ್ಡಿ ಮುರಿದು ಎಸೆದಳು. "ಸಂಜಿಮುಂದ ಕಾಯಬ್ಯಾಡ್ರಿ, ಯಾವಾಗ ಬರ್ತಾರೊ ಗೊತ್ತಿಲ್ಲ. ಮುಂಜಾನಿ ಎಂಟು ಹದಿನೇಳರ ಲೋಕಲ್ ಹಿಡೀರಿ. ಭಜನಿ ಮಾಡ್ತಾರಲ್ರಿ ಮರಾಠಿ ಮಂದಿ, ಆ ಡಬ್ಬಾದಾಗ ಇರ್ತಾರ."

ಎಂಟು ಹದಿನೇಳರ ಸ್ಲೋ ಲೋಕಲ್! ಆ ಗಾಡಿಯಲ್ಲಿ ಉಸಿರು ಹೊರಬಿಟ್ಟವನಿಗೆ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳಲು ಜಾಗ ಸಿಗುವುದು ಕೊನೆಯ ಸ್ಟೇಶನ್ ಚರ್ಚ್‌ಗೇಟಿನಲ್ಲೇ. ಒಬ್ಬನ ಮೂಗು ತುರಿಸಿದರೆ ಇನ್ನೊಬ್ಬನ ಕೈಯಿಂದ ಕೆರೆದುಕೊಳ್ಳಬೇಕು. ಮೊದಲ ದಿನ ಅಕ್ಷಯ ತಾನಿರುವ ಅಂಧೇರಿಯಲ್ಲೇ ಹತ್ತಲು ನೋಡಿದ. ಗಾಡಿ ಬಂತು, ಅವನ ಬಲಗಾಲು ಒಳಗೆ ಹೋಯಿತು, ಗಾಡಿ ಹೊರಟಿತು, ಬಲಗಾಲು ಚಪ್ಪಲಿಯಿಲ್ಲದೆ ವಾಪಸು ಬಂತು. ಒಳಗಿನಿಂದ ತಾಳದ ಸದ್ದು ಕೇಳಿಸಿ, ದೂರವಾಗಿ, ಹೋಯಿತು. ಒಂದು ಚಪ್ಪಲಿಯಲ್ಲಿ ಅವನು ಆ ಪ್ಲಾಟ್‌ಫಾರ್ಮಿನ ಮೇಲೆ ಎಷ್ಟು ಹೊತ್ತು ನಿಂತಿದ್ದನೆಂದರೆ, ಯಾರೋ ಒಬ್ಬರು ಅವನನ್ನು ಇಂಡಿಕೇಟರ್ ಕಂಬವೆಂದು ತಿಳಿದು ಬೆನ್ನು ಒರಗಿಸಿದರು.

ಮರುದಿನ ಅವನು ಉಲ್ಟಾ ದಿಕ್ಕಿನಲ್ಲಿ ಕಾಂದಿವಲಿಗೇ ಹೋಗಿ, ಅಲ್ಲಿಂದ ಹತ್ತಿದ. ಡಬ್ಬಾ ಸರಿಯಾಗಿತ್ತು. ಆದರೆ ಅವನಿಗೂ ಅಣವೀರಪ್ಪನಿಗೂ ನಡುವೆ ನಾಲ್ಕಡಿ ಜಾಗ, ಆ ನಾಲ್ಕಡಿಯಲ್ಲಿ ನಲವತ್ತು ಜನ. ಅಣವೀರಪ್ಪ ಸೀಟಿನ ಪಕ್ಕದ ತಗಡಿನ ಗೋಡೆಗೆ ಒರಗಿ ನಿಂತಿದ್ದ. ಮೊಣಕೈ ಆಡಿಸಲೂ ಜಾಗವಿಲ್ಲದೆ, ಎರಡು ಬೆರಳುಗಳಿಂದ ಆ ತಗಡನ್ನೇ ಬಡಿಯುತ್ತಿದ್ದ. ಕಿಟಕಿಯ ಪಕ್ಕದಲ್ಲಿ ಕೋರ್ಟಿನ ಗುಮಾಸ್ತ ಕಾಶಿನಾಥ ಎಂಬ ಮುದುಕರು ಕಣ್ಣು ಮುಚ್ಚಿ ಅಭಂಗ ಹಾಡುತ್ತಿದ್ದರು. ಉಳಿದವರು ಸಾಲನ್ನು ಎತ್ತಿಕೊಳ್ಳುತ್ತಿದ್ದರು.

ಕಾಶಿನಾಥರಿಗೆ ದಮ್ಮು ಕಡಿಮೆ. ಸಾಲಿನ ನಡುವೆ ಅವರ ಕುತ್ತಿಗೆಯ ಗುಳಿ ಒಳಗೆ ಹೋಗುತ್ತಿತ್ತು. ಆಗ ಅಣವೀರಪ್ಪನ ಬೆರಳು ತಗಡಿಗೆ ಬೀಳುತ್ತಿರಲಿಲ್ಲ. ಮುದುಕರು ಉಸಿರೆಳೆದುಕೊಳ್ಳುತ್ತಿದ್ದರು. ಬೆರಳು ಬೀಳುತ್ತಿತ್ತು. ಹಾಡು ಮುಂದೆ ಹೋಗುತ್ತಿತ್ತು.

ಅಕ್ಷಯ ಮಾಲಾಡಿನಿಂದ ಗೋರೆಗಾಂವಿನವರೆಗೆ ಅದನ್ನು ನೋಡಿದ. ಪ್ರತಿ ಸಲವೂ ಬೇರೆ ಬೇರೆ ಜಾಗ; ಮುದುಕರ ಉಸಿರು ಎಲ್ಲಿ ಮುಗಿಯುತ್ತದೊ ಅಲ್ಲಿ. ಅಣವೀರಪ್ಪನ ಕಣ್ಣು ಕೈಯ ಮೇಲಿರಲಿಲ್ಲ, ಆ ಕುತ್ತಿಗೆಯ ಗುಳಿಯ ಮೇಲಿತ್ತು. ಡಬ್ಬಾದಲ್ಲಿ ಒಬ್ಬನಿಗೂ ಅದರ ಪರಿವೆಯಿರಲಿಲ್ಲ, ಹಾಡುವ ಮುದುಕರಿಗೂ. ಅಕ್ಷಯನ ಕೈ ತಾನಾಗಿ ತನ್ನ ಕುತ್ತಿಗೆಗೆ ಹೋಯಿತು. ಏಳು ವರ್ಷ ಅವನು ಜನರನ್ನು ನೋಡುತ್ತ ಹಾಡಿದ್ದ. ಹಿಂದೆ ಕೂತವನು ಎಲ್ಲಿ ನೋಡುತ್ತಾನೆಂದು ತಿರುಗಿ ನೋಡಿರಲಿಲ್ಲ.

ಅಂಧೇರಿ ದಾಟಿದ ಮೇಲೆ ಅಭಂಗ ಮುಗಿಯಿತು.

"ಅಣವೀರಾ!" ಎಂದು ಅಕ್ಷಯ ಕೂಗಿದ.

ಅಣವೀರಪ್ಪ ತಲೆ ಎತ್ತಿದ. ಮುಖದಲ್ಲಿ ಏನೂ ಕಾಣಲಿಲ್ಲ. ಕಾಣಲು ಅಡ್ಡ ಮೂವರ ತಲೆಗಳಿದ್ದವು. "ಏನ್ರಿ ಶೆಟ್ರ, ಸೆಕೆಂಡ್ ಕ್ಲಾಸಿನ್ಯಾಗ?"

ಆ 'ರಿ' ಅಕ್ಷಯನಿಗೆ ಚುಚ್ಚಿತು. "ಸ್ವಲ್ಪ ಮಾತಾಡ್ಬೇಕಿತ್ತು."

"ಮಾತಾಡ್ರಿ. ಎಲ್ಲಾ ನಮ್ಮ ಮನಿ ಮಂದೀನ ಅದಾರ."

"ಮರಾಠೀತ್ ಬೋಲಾ ಕೀ," ಎಂದ, ಅಕ್ಷಯನ ಕಂಕುಳಡಿ ಸಿಕ್ಕಿಕೊಂಡಿದ್ದ ಬ್ಯಾಂಕಿನವನು. "ಆಮ್ಹಾಲಾ ಪಣ್ ಸಮಜೂ ದೇ. ಹಾ ಆಮ್ಚಾ ಅಣ್ಣಾ ಆಹೇ." ಮರಾಠಿಯಲ್ಲೇ ಹೇಳಿ, ನಮಗೂ ತಿಳಿಯಲಿ, ಇವನು ನಮ್ಮ ಅಣ್ಣ ಎಂದು.

ಹೀಗಾಗಿ ಅಕ್ಷಯ ತನ್ನ ತಪ್ಪನ್ನು ಮೂರು ಭಾಷೆಗಳಲ್ಲಿ ಒಪ್ಪಿಕೊಳ್ಳಬೇಕಾಯಿತು. ಎಣಿಸಬಾರದಿತ್ತು ಎಂದ, ಎಲ್ಲರೆದುರು ಹೇಳಬಾರದಿತ್ತು ಎಂದ. ನಲವತ್ತು ಜನ "ಅರೆರೆ" ಎಂದರು. ಎರಡು ಡಬ್ಬಾ ಆಚೆಯ ಹೆಂಗಸರಿಗೂ ಸುದ್ದಿ ತಲುಪಿ ಅವರೂ ಲೊಚಗುಟ್ಟಿದರು.

"ಯಾಕೆ ಹೇಳ್ಲಿಲ್ಲ ನೀನು? ನನ್ನ ಉಸಿರಿಗೆ ಜಾಗ ಬಿಡ್ತಿದ್ದೇನೆ ಅಂತ ಒಂದು ಮಾತು? ಏಳು ವರ್ಷ!"

"ಹೇಳಿದ್ರ ನೀವು ಆ ಸಾಲು ಬಂದಕೂಡ್ಲೆ ಉಸಿರ ಹುಡಕಾಕ ಹತ್ತತಿದ್ರಿ. ಹಾಡೋರ್ಯಾರು?"

"ಭಾನುವಾರ ಬಾ ಮಾರಾಯ. ಮನೀಶ್‌ನ ಹತ್ರ ನಾನು ಮಾತಾಡ್ತೇನೆ. ಆ ಹಾಡು ನಂಗೆ ಬರ್ತಾ ಇಲ್ಲ. ನಂಗೆ..." ಮುಂದಿನದು ಯಾವ ಭಾಷೆಯಲ್ಲೂ ಬರಲಿಲ್ಲ.

ಗಾಡಿ ಮಾಹೀಮಿನ ಖಾಡಿಯ ನಾರುವ ಹಿನ್ನೀರು ದಾಟುತ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಳ್ಳಲು ಕೈ ಹುಡುಕಿಕೊಂಡರು. ಅಣವೀರಪ್ಪ ತಗಡಿನ ಮೇಲೆ ಅಂಗೈ ಸವರಿದ.

"ಬರಂಗಿಲ್ರಿ."

"ಸಿಟ್ಟಾ?"

"ಸಿಟ್ಟಿಲ್ರಿ. ಸಿಟ್ಟು ಎಂಟ ದಿನ ಇತ್ತು." ಬೆರಳಿಂದ ತಗಡು ತೋರಿಸಿ ಹೇಳಿದ: "ಇಲ್ಲಿ ಎಣಸಾವ್ರು ಯಾರೂ ಇಲ್ಲ. ಕೈ ಹಗುರಾಗೇತಿ. ಅಲ್ಲಿ ಬಂದು ಕುಂತ್ರ ಈಗ ನಾನ ಎಣಸ್ತೀನಿ. ಎಣಸ್ಕೋತ ಬಿಟ್ಟ ಪೆಟ್ಟು ಪೆಟ್ಟಲ್ರಿ ಅದು."

ದಾದರ್ ಬಂತು. ಅರ್ಧ ಮುಂಬಯಿ ಇಳಿಯಿತು, ಒಂದೂವರೆ ಮುಂಬಯಿ ಹತ್ತಿತು. ಆ ನೂಕಿನಲ್ಲಿ ಅಕ್ಷಯ ಕಾಲು ನೆಲಕ್ಕೆ ತಾಗಿಸದೆಯೇ ಅಣವೀರಪ್ಪನ ಎದುರಿಗೆ ಬಂದು ನಿಂತ. ನಾಲ್ಕು ತಿಂಗಳಾದ ಮೇಲೆ ಇಬ್ಬರೂ ಇಷ್ಟು ಹತ್ತಿರ.

ಕಾಶಿನಾಥರು ಕಣ್ಣು ತೆರೆದರು. "ಹಾ ಗಾತೋ ಕಾ ರೇ, ಅಣ್ಣಾ?" ಇವನು ಹಾಡುತ್ತಾನಾ ಎಂದು.

"ಗಾತೋ. ಚಾಂಗಲಾ ಗಾತೋ." ಚೆನ್ನಾಗಿ ಹಾಡುತ್ತಾನೆ ಎಂದ ಅಣವೀರಪ್ಪ. ಏಳು ವರ್ಷದಲ್ಲಿ ಅಕ್ಷಯನ ಕಿವಿಗೆ ಅದು ಮೊದಲ ಸಲ ಬಿತ್ತು. ಅಣವೀರಪ್ಪ ಅಕ್ಷಯನ ಕಡೆ ತಿರುಗಿದ: "ಹಾಡೋ ಲೇ. ಎರಡ ಸ್ಟೇಶನ್ ಅದಾವ."

ಮೈಕಿಲ್ಲ, ಗಿಟಾರಿಲ್ಲ, ಬೆನ್ನಿಗೆ ಯಾರದೋ ಊಟದ ಡಬ್ಬಿ ಒತ್ತುತ್ತಿತ್ತು. ಅಕ್ಷಯ ಸಣ್ಣ ದನಿಯಲ್ಲಿ ಶುರುಮಾಡಿದ. ಬೆರಳು ತಗಡಿನ ಮೇಲೆ ನಡೆಯತೊಡಗಿತು. ಮೊದಲ ಸಾಲು ಹೋಯಿತು, ಎರಡನೆಯದು ಹೋಯಿತು. ಮೂರನೆಯದರ ನಡುವೆ ಸದ್ದು ತಪ್ಪಿತು, ಅಲ್ಲಿ ಉಸಿರು ಇತ್ತು, ತೆಗೆದುಕೊಂಡ. ಹಾಡು ಪ್ರಭಾದೇವಿ ಸ್ಟೇಶನ್ ದಾಟಿತು. ಅಕ್ಷಯ ಯಾರ ಮುಖವನ್ನೂ ನೋಡಲಿಲ್ಲ, ಆ ಎರಡು ಬೆರಳುಗಳನ್ನಷ್ಟೇ ನೋಡಿದ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು.

ಲೋವರ್ ಪರೇಲ್ ಬಂದಾಗ ಹಾಡು ಇನ್ನೂ ಉಳಿದಿತ್ತು. "ಬರ್ತೀನೋ" ಎಂದ ಅಣವೀರಪ್ಪ. ಟೂಲಿನ ಬ್ಯಾಗು ಎದೆಗೆ ಅವುಚಿಕೊಂಡಿದ್ದನೊ ಇಲ್ಲವೊ, ಇಳಿಯುವವರ ಹೊಳೆ ಅವನನ್ನು ಎತ್ತಿಕೊಂಡು ಹೋಯಿತು. ಪ್ಲಾಟ್‌ಫಾರ್ಮಿನ ಸಾವಿರ ತಲೆಗಳಲ್ಲಿ ಅವನದು ಯಾವುದೆಂದು ಅಕ್ಷಯ ಹುಡುಕುತ್ತಿರುವಾಗಲೇ ಗಾಡಿ ಹೊರಟಿತು.

ಡಬ್ಬಾ ಸಡಿಲವಾಗಿತ್ತು. ಜನ ಬ್ಯಾಗು ಸರಿಮಾಡಿಕೊಂಡರು, ಒಬ್ಬ ಫೋನ್ ತೆಗೆದ. ಅಣ್ಣಾ ಇಳಿದ ಮೇಲೆ ಭಜನೆ ನಿಲ್ಲುವುದು ಅಲ್ಲಿನ ರೂಢಿ. ಆದರೆ ಕಾಶಿನಾಥರಿಗೆ ಅವತ್ತು ಏನನ್ನಿಸಿತೊ, ಇನ್ನೊಂದು ಅಭಂಗ ಎತ್ತಿದರು. ತಗಡಿನ ತಾಳವಿಲ್ಲದೆ ಅವರ ದನಿ ಗಾಡಿಯ ಸದ್ದಿನಲ್ಲಿ ಅಲ್ಲಲ್ಲಿ ಮುಳುಗುತ್ತಿತ್ತು.

ಅಣವೀರಪ್ಪ ಒರಗಿದ್ದ ಜಾಗದಲ್ಲಿ ಈಗ ಅಕ್ಷಯ ನಿಂತಿದ್ದ. ತಗಡು ಇನ್ನೂ ಬೆಚ್ಚಗಿತ್ತು. ಅವನು ಅದರ ಮೇಲೆ ಬೆರಳಿಟ್ಟು ಬಡಿದ. ಪೆಟ್ಟು ಜೋರಾಯಿತು. ಮುದುಕರ ಉಸಿರಿನ ಮೇಲೆಯೇ ಬಿತ್ತು, ಅವರು ಕೆಮ್ಮಿದರು. ಫೋನಿನವನು ತಿರುಗಿ ನೋಡಿದ. ಅಕ್ಷಯ ಕೈ ಹಿಂದೆಗೆದುಕೊಳ್ಳಲಿಲ್ಲ. ಪೆಟ್ಟನ್ನು ಮೆಲ್ಲಗೆ ಮಾಡಿದ. ಕಣ್ಣನ್ನು ಕೈಯಿಂದ ತೆಗೆದು, ಕಾಶಿನಾಥರ ಅಂಗಿಯ ಮೇಲಿನ ಗುಂಡಿಯ ಬಳಿ, ಆ ತೆಳ್ಳನೆಯ ಚರ್ಮದ ಮೇಲೆ ಇಟ್ಟ.

ಮಹಾಲಕ್ಷ್ಮಿ ಹೋಯಿತು, ಗ್ರ್ಯಾಂಟ್ ರೋಡ್ ಹೋಯಿತು. ಚರ್ನಿ ರೋಡ್ ಬಿಟ್ಟ ಮೇಲೆ ಕಿಟಕಿಯಾಚೆ ಒಂದು ಚೂರು ಸಮುದ್ರ ಬಂದು ಹೋಯಿತು. ಮುದುಕರ ಕುತ್ತಿಗೆಯ ಗುಳಿ ಒಳಗೆ ಹೋಗತೊಡಗಿತು. ಅಕ್ಷಯ ಬೆರಳುಗಳನ್ನು ತಗಡಿನಿಂದ ಒಂದಿಂಚು ಎತ್ತಿ, ಹಿಡಿದು, ಕಾದ.