ಕಂಬದ ಜವರನ ಚಡ್ಡಿ

ನಾನು ಒಂದು ಚಡ್ಡಿ. ನಗುವವರು ಈಗಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಹೆಚ್ಚಿಲ್ಲ. ಗರಡಿಯವರು ನನ್ನನ್ನು ಹನುಮಾನ್ ಚಡ್ಡಿ ಎನ್ನುತ್ತಾರೆ. ಪೈಲ್ವಾನರು ಕುಸ್ತಿಗೆ ಇಳಿಯುವಾಗ ಲಂಗೋಟಿಯ ಮೇಲೆ ಬಿಗಿದುಕೊಳ್ಳುವ ದಪ್ಪ ಚಡ್ಡಿ ಅದು.

ನನ್ನನ್ನು ಹೊಲಿದವರು ಮೈಸೂರಿನ ಮಂಡಿ ಮೊಹಲ್ಲಾದ ಗೌಸ್ ಸಾಹೇಬರು. ಕೆಂಪು ಬಟ್ಟೆಯನ್ನು ಪದರ ಪದರವಾಗಿ ಮಡಿಸಿ, ಒತ್ತೊತ್ತಾಗಿ ಹೊಲಿಗೆ ಹಾಕುವಾಗ ಅವರ ಮಶಿನ್ನಿನ ಸೂಜಿ ಮುರಿಯಿತು.

"ಕ್ಯಾ ಜವರಣ್ಣಾ, ಚಡ್ಡಿ ಹೊಲಿ ಅಂದ್ಯೋ, ಅಂಬಾರಿ ಆನೆಗೆ ಗಾದಿ ಹೊಲಿ ಅಂದ್ಯೋ?"

"ಹರಿದೋದ್ರೆ ಮಾನ ಹೋಯ್ತದೆ ಸಾಬ್ರೇ. ಸೂಜಿ ಹೋದ್ರೆ ಇನ್ನೊಂದು ಬತ್ತದೆ" ಎಂದ ಎದುರು ನಿಂತಿದ್ದ ಎತ್ತರದ ಹುಡುಗ. ಅವನೇ ನನ್ನ ಯಜಮಾನ ಜವರಯ್ಯ. ಸಾಮಿಲ್ಲಿನಲ್ಲಿ ಮರದ ದಿಮ್ಮಿ ಹೊರುತ್ತಿದ್ದವನು. ಅಪ್ಪ ಅಮ್ಮ ಇರಲಿಲ್ಲ. ಉಸ್ತಾದ್ ಕಾಳಣ್ಣನವರ ಗರಡಿಯೇ ಅವನಿಗೆ ಮನೆ. ಅಲ್ಲಿ ಕುಸ್ತಿ ಆಡುವ ಕೆಂಪು ಮಣ್ಣಿನ ಅಂಕಣಕ್ಕೆ ಮಟ್ಟಿ ಎನ್ನುತ್ತಾರೆ. ಜವರ ಆ ಮಟ್ಟಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ಕಾಲಿನಿಂದ ತುಳಿದು, ಮಗುವಿಗೆ ಹಾಸಿಗೆ ಮಾಡಿದಂತೆ ಮೆತ್ತಗೆ ಮಾಡುತ್ತಿದ್ದ. ಉಸ್ತಾದರ ಮಗ ಪಾಪಣ್ಣ ಅವನಿಗಿಂತ ಚಿಕ್ಕವನು. ಇಬ್ಬರೂ ಒಟ್ಟಿಗೆ ಸಾಮು ಮಾಡುತ್ತಿದ್ದರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ನಾನಿರುವ ಜಾಗದಿಂದ ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ. ಕಾಣುವುದೆಲ್ಲ ಮೊಣಕಾಲು, ಪಾದ, ಮಣ್ಣು. ಆದ್ದರಿಂದ ಜನರ ಬಗ್ಗೆ ನಾನು ಹೇಳುವುದರಲ್ಲಿ ತಪ್ಪಿರಬಹುದು. ಸೊಂಟದ ಬಗ್ಗೆ ಮಾತ್ರ ನನಗೆ ಸ್ವಲ್ಪ ಧೈರ್ಯವಿದೆ. ಎದುರಾಳಿ ಎತ್ತಲು ಬಂದಾಗ ಪೈಲ್ವಾನನ ಸೊಂಟ ಮೊದಲು ಬಿಗಿಯುತ್ತದೆ. ಶಕ್ತಿ ಸಾಲದಾದಾಗ ನಡುಗುತ್ತದೆ. ಆಮೇಲೆ ಬಾಗುತ್ತದೆ. ಈ ಕ್ರಮ ತಪ್ಪಿದ್ದನ್ನು ನಾನು ಒಂದೇ ಒಂದು ಸಲ ಕಂಡಿದ್ದೇನೆ.

ಜವರನ ಸೊಂಟ ಬಿಗಿಯುವುದರಲ್ಲೇ ಕುಸ್ತಿ ಮುಗಿಯುತ್ತಿತ್ತು. ಅವನು ಕಾಲೂರಿದನೆಂದರೆ ಅಲುಗುತ್ತಿರಲಿಲ್ಲ. ಕಂಬದ ಜವರ ಎಂದು ಹೆಸರು ಬಿತ್ತು. ಮಂಡ್ಯ, ಚನ್ನಪಟ್ಟಣ, ದಾವಣಗೆರೆ, ಎಲ್ಲಿ ಕುಸ್ತಿ ಕಟ್ಟಿದರೂ ಅವನನ್ನು ಕರೆಯುತ್ತಿದ್ದರು. ಸಾಮಿಲ್ ಕೆಲಸ ಬಿಟ್ಟ. ಕುಸ್ತಿಯೇ ಅವನ ಅನ್ನವಾಯಿತು. ಬೆಳಗಾವಿ ಕಡೆಯ ಪೈಲ್ವಾನನೊಬ್ಬ ಬಿಸಿಲಲ್ಲಿ ಗಂಟೆಗಟ್ಟಲೆ ನನ್ನ ಅಂಚು ಹಿಡಿದು ಎಳೆದಾಡಿ, ಕೊನೆಗೆ ಮಣ್ಣಿನ ಮೇಲೆ ಕುಕ್ಕರಿಸಿ ಹೇಳಿದ: "ಇಂವ ಮನಶ್ಯಾ ಅಲ್ಲೋ ಯಪ್ಪಾ, ಗ್ವಾಡಿ! ಗ್ವಾಡೀ ಕೂಡ ಕುಸ್ತಿ ಹಾಕ್ಸೀರಿ ನನಗ!" ಜನ ಬಿದ್ದು ಬಿದ್ದು ನಕ್ಕರು. ಜವರ ಅವನ ಕೈಹಿಡಿದು ಎಬ್ಬಿಸಿ, ಮೈಮೇಲಿನ ಮಣ್ಣು ಒರೆಸಿದ.

ಅವನಿಗೆ ಮದುವೆಯಾಯಿತು. ಹೆಂಡತಿ ಚಿಕ್ಕತಾಯಮ್ಮ ನನ್ನನ್ನು ಕಲ್ಲಿಗೆ ಒಗೆಯುತ್ತಾ ಗೊಣಗುತ್ತಿದ್ದಳು: "ನಿಮ್ಮ ಚಡ್ಡಿ ಒಗೆಯೋಕೆ ಇನ್ನೊಬ್ಳು ಪೈಲ್ವಾನಿ ಬೇಕು ನೋಡಿ."

"ಗರಡಿ ನಮ್ದಾಗ್ಲಿ ಇರು, ಒಗೆಯೋಕೆ ಆಳು ಇಡ್ತೀನಿ" ಎನ್ನುತ್ತಿದ್ದ. ಗರಡಿ ನಮ್ಮದಾದರೆ ಎಂಬುದು ಅವನ ಜಪವಾಗಿತ್ತು. ತಾನು ಉಸ್ತಾದನಾದ ಮೇಲೆ ಆ ಮಟ್ಟಿಯಲ್ಲಿ ಹುಡುಗರನ್ನು ತಯಾರು ಮಾಡಬೇಕು, ಸೋರುವ ಹೆಂಚು ಬದಲಿಸಬೇಕು, ತನ್ನಂಥ ದಿಕ್ಕಿಲ್ಲದವರಿಗೆ ಮೊದಲು ಜಾಗ ಕೊಡಬೇಕು. ಬೇರೆ ಆಸೆ ಅವನಿಗಿರಲಿಲ್ಲ.

ಆ ಗರಡಿಯಲ್ಲಿ ಎರಡು ಕಟ್ಟಳೆಗಳಿದ್ದವು. ಒಂದೇ ಮಟ್ಟಿಯ ಮಕ್ಕಳು ಜನರ ಮುಂದೆ ಪರಸ್ಪರ ಸೆಣಸಬಾರದು. ಮತ್ತು ಬಹಿರಂಗ ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದವನು, ಅಂದರೆ ಸೋತವನು, ಉಸ್ತಾದನಾಗಬಾರದು. ಜವರನ ಬೆನ್ನಿಗೆ ಮಣ್ಣು ಹತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಗರಡಿಯ ಗೂಟದಲ್ಲಿ ಒಣಗುತ್ತಿದ್ದೆ. ಜವರ ಮಟ್ಟಿ ಅಗೆಯುತ್ತಿದ್ದ. ಉಸ್ತಾದ್ ಕಾಳಣ್ಣ ಬಂದು ಅಂಚಿನಲ್ಲಿ ಕೂತರು.

"ಜವರಾ, ದಸರಾ ಕುಸ್ತೀಲಿ ಪಾಪಣ್ಣನ್ನ ನಿನಗೆ ಜೋಡಿ ಕಟ್ಟಿಸ್ತೀನಿ ಕಣ್ಲಾ. ಅವನ ಮಾವನ ಗರಡಿ ಹೆಸರಲ್ಲಿ ಇಳೀತಾನೆ."

"ಒಂದೇ ಮಟ್ಟಿ ಮಕ್ಕಳು ಉಸ್ತಾದ್ರೇ. ಜನ ಏನಂದಾರು?"

"ಅಂದ್ಕೊಳ್ಳಲಿ ಬುಡು. ನಾನು ಕಣ್ಣು ಮುಚ್ಚೋದ್ರೊಳಗೆ ನನ್ನ ಮಗನ ಹೆಗಲ ಮೇಲೆ ಒಂದು ಬೆಳ್ಳಿ ಗದೆ ನೋಡ್ಬೇಕು. ನಿನಗೆ ಗದೆಗೇನು ಬರ? ಒಂದ್ಸಲ ಅವನಿಗೆ ಬೆನ್ನು ಕೊಡು. ಗರಡಿ ನಿಂದು."

ಜವರನ ಗುದ್ದಲಿ ನಿಂತಿತು. "ಬೆನ್ನಿಗೆ ಮಣ್ಣು ಹತ್ತುದ್ರೆ ಗರಡಿ ಬರಾಕಿಲ್ವಲ್ಲ?"

"ಕಟ್ಟಳೆ ಕಟ್ಟಿದೋನು ಯಾರ್ಲಾ? ನಾನು. ಬಿಚ್ಚೋನೂ ನಾನೇ. ಮಣ್ಣು ಮುಟ್ಟಿ ಹೇಳ್ತೀನಿ. ಆದ್ರೆ ಇದು ನಿನ್ನ ಹೆಂಡ್ತಿ ಕಿವಿಗೂ ಬೀಳ್ಕೂಡ್ದು. ಕೈ ಕೊಡು."

ಮಟ್ಟಿಯ ಮಣ್ಣು ಮುಟ್ಟಿ ಆಡಿದ ಮಾತನ್ನು ಗರಡಿಯಲ್ಲಿ ಯಾರೂ ಮೀರಿದ್ದನ್ನು ನಾನು ಕೇಳಿಲ್ಲ. ಜವರನೂ ಕೇಳಿರಲಿಲ್ಲ. ಅವನು ಕೈ ಕೊಟ್ಟ. ಕೈ ಕೊಡುವುದು ಎಂಬ ಮಾತಿಗೆ ನಮ್ಮ ಕನ್ನಡದಲ್ಲಿ ಎರಡು ಅರ್ಥ ಇರುವುದು ಆಗ ನನಗೆ ಹೊಳೆಯಲಿಲ್ಲ.

ಜೋಡಿ ಕಟ್ಟುವ ದಿನ ಹಿರಿಯರು ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಇಬ್ಬರೂ ಕೈ ಕುಲುಕಿದರು. ಅಲ್ಲಿಗೆ ಹಿಂದೆಗೆಯುವ ಹಾಗಿಲ್ಲ. ದಸರಾ ಕುಸ್ತಿಯ ದಿನ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಪಾಪಣ್ಣ ನನ್ನ ಸೊಂಟಪಟ್ಟಿಗೆ ಕೈ ಹಾಕಿದ. ಅವನ ಹಿಡಿತ ಬೆವರಿನಲ್ಲಿ ಜಾರುತ್ತಿತ್ತು. ಆದರೂ ಪ್ರಾಮಾಣಿಕವಾದ ಹಿಡಿತ ಅದು. ಬಹಳ ಹೊತ್ತು ಇಬ್ಬರೂ ಸುತ್ತಿದರು. "ಕಂಬಕ್ಕೆ ಪೂಜೆ ಮಾಡ್ತಾ ಇದೀಯೇನ್ಲಾ ಪಾಪಾ, ಬರೀ ಸುತ್ತು ಹಾಕ್ತೀಯಲ್ಲ!" ಎಂದು ಯಾರೋ ಕೂಗಿದರು. ಆಗ ಪಾಪಣ್ಣ ಧೋಬಿ ಪಟ್ಟು ಹಾಕಿದ. ಅಗಸ ಬಟ್ಟೆಯನ್ನು ಹೆಗಲ ಮೇಲಿಂದ ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಒಗೆಯುವ ಪಟ್ಟು ಅದು.

ಜವರನ ಸೊಂಟ ಬಿಗಿಯಲಿಲ್ಲ. ನಡುಗಲೂ ಇಲ್ಲ. ನನ್ನೊಳಗೆ ಅದು ಒಮ್ಮೆಲೇ ಸಡಿಲವಾಯಿತು, ದಿನವೆಲ್ಲ ದುಡಿದವನು ಚಾಪೆಯ ಮೇಲೆ ಒರಗುವ ಹಾಗೆ. ಮರುಕ್ಷಣ ಅವನ ಬೆನ್ನೂ ನಾನೂ ಮಣ್ಣಿನಲ್ಲಿದ್ದೆವು. ಜನರ ಕೂಗಿಗೆ ನೆಲ ಅದುರಿತು. ಗೆದ್ದವನಿಗೆ ಕೊಡುವ ಬೆಳ್ಳಿ ಗದೆ ಹೊತ್ತು ಪಾಪಣ್ಣ ಮೈದಾನ ಸುತ್ತಿದ. ಚಿಕ್ಕತಾಯಮ್ಮ ಮರುದಿನ ನನ್ನ ಹಿಂಭಾಗದ ಮಣ್ಣನ್ನು ಉಜ್ಜಿ ಉಜ್ಜಿ ತೊಳೆದಳು. ಒಂದು ಮಾತೂ ಗೊಣಗಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಜವರ ಮಾತ್ರ ಕಾಯುತ್ತಾ ಇದ್ದ. ಬೇರೆ ಊರುಗಳಿಂದ ಕರೆ ಬರುವುದು ಕಡಿಮೆಯಾಯಿತು. ಬಿದ್ದ ಕಂಬವನ್ನು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಅವನು ಹೆಂಚು ಎಷ್ಟು ಬೇಕೆಂದು ಲೆಕ್ಕ ಹಾಕುತ್ತಿದ್ದ.

ಮುಂದಿನ ವರ್ಷ ಉಸ್ತಾದರಿಗೆ ಕೈಲಾಗದಾಯಿತು. ಗರಡಿಯ ಪೂಜೆಯ ದಿನ ಪೈಲ್ವಾನರೆಲ್ಲ ಮಟ್ಟಿಯ ಸುತ್ತ ಕೂತರು. ಜವರ ನನ್ನನ್ನು ತೊಟ್ಟು, ಹಣೆಗೆ ಕುಂಕುಮವಿಟ್ಟು, ಮುಂದಿನ ಸಾಲಿನಲ್ಲಿ ಕೂತಿದ್ದ.

ಉಸ್ತಾದರು ಹೇಳಿದರು: "ನಮ್ಮ ಕಟ್ಟಳೆ ನಿಮಗೆಲ್ಲ ಗೊತ್ತಿರೋದೇ. ಬೆನ್ನಿಗೆ ಮಣ್ಣು ಹತ್ತಿದೋನ ಕೈಗೆ ಮಟ್ಟಿ ಕೊಡೋಕಾಗಲ್ಲ. ಪಾಪಣ್ಣ ಮಾವನ ಗರಡಿ ಬಿಟ್ಟು ಮನೆಗೆ ಬಂದವ್ನೆ. ಇನ್ಮೇಲೆ ಅವನೇ ಉಸ್ತಾದ."

ಜವರನ ಸೊಂಟ ಬಿಗಿಯಿತು. ಎದುರಾಳಿಯೇ ಇಲ್ಲದೆ ಅಷ್ಟು ಬಿಗಿದದ್ದನ್ನು ನಾನು ಅಂದೇ ಕಂಡದ್ದು.

"ಉಸ್ತಾದ್ರೇ, ನೀವು ಮಣ್ಣು ಮುಟ್ಟಿ..."

"ಏನಪ್ಪಾ ಮಣ್ಣು? ಬಿಡಿಸಿ ಹೇಳು. ಎಲ್ರೂ ಕೇಳಿಸಿಕೊಳ್ಳಲಿ."

ಹೇಳುವುದು ಹೇಗೆ? ಹೇಳಿದರೆ, ಟಿಕೆಟ್ ಕೊಟ್ಟು ಬಂದ ಜನಕ್ಕೆಲ್ಲ ಸುಳ್ಳು ಕುಸ್ತಿ ತೋರಿಸಿದೆ ಎಂದು ತಾನೇ ಒಪ್ಪಿದಂತೆ. ಸುಳ್ಳು ಕುಸ್ತಿ ಆಡಿದವನಿಗೆ ಗರಡಿಯ ಹೊಸ್ತಿಲೂ ಇಲ್ಲ. ಉಸ್ತಾದರಿಗೆ ಇದು ಗೊತ್ತಿತ್ತು. ಹಿಂದಿನಿಂದ ಒಬ್ಬ ಕಿಸಕ್ಕೆಂದು ನಕ್ಕು, "ಕಂಬ ಬಿದ್ಮೇಲೆ ಮಂಟಪದ ಆಸೆ ಯಾಕಣ್ಣೋ?" ಎಂದ.

ಜವರ ಎದ್ದ. ಉಸ್ತಾದರ ಕಾಲಿಗೆ ನಮಸ್ಕಾರ ಮಾಡಿದ. ಅಭ್ಯಾಸದಿಂದ ಮಾಡಿದನೋ, ಬೇಕೆಂದು ಮಾಡಿದನೋ ನನಗೆ ಇವತ್ತಿಗೂ ತಿಳಿಯದು. ಒಳಗೆ ಹೋಗಿ ನನ್ನನ್ನು ಬಿಚ್ಚಿ ಗೂಟಕ್ಕೆ ತಗುಲಿಸಿ, ಪಂಚೆ ಸುತ್ತಿಕೊಂಡು ಹೊರಟುಹೋದ. ನನ್ನನ್ನು ತೆಗೆದುಕೊಂಡು ಹೋಗಲಿಲ್ಲ.

ಉಸ್ತಾದರು ನನ್ನನ್ನು ಪಾಪಣ್ಣನಿಗೆ ಕೊಟ್ಟರು. ಕೆಲವು ವರ್ಷ ನಾನು ಅವನ ಸೊಂಟದಲ್ಲಿದ್ದೆ. ಅವನನ್ನು ದ್ವೇಷಿಸಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಅವನು ಕಷ್ಟಪಟ್ಟು ಸಾಮು ಮಾಡುತ್ತಿದ್ದ, ಹುಡುಗರಿಗೆ ತಾಳ್ಮೆಯಿಂದ ಕಲಿಸುತ್ತಿದ್ದ. ತಾನು ಜವರಣ್ಣನನ್ನು ಎತ್ತಿ ಒಗೆದ ಕಥೆ ಹೇಳುವಾಗ ಅವನ ಸೊಂಟ ಒಂದು ಕೂದಲಷ್ಟೂ ಅಳುಕುತ್ತಿರಲಿಲ್ಲ. ಆಗ ನನಗೆ ಅರ್ಥವಾಯಿತು. ಅವನಿಗೆ ಏನೂ ಗೊತ್ತಿರಲಿಲ್ಲ. ಅಪ್ಪ ಮಗನಿಗೂ ಕೈ ಕೊಟ್ಟಿದ್ದ. ಉಸ್ತಾದರು ಆ ಗುಟ್ಟನ್ನು ಯಾರಿಗೂ ಹೇಳದೆ ತೀರಿಕೊಂಡರು.

ನನ್ನ ಹೊಲಿಗೆ ಬಿಟ್ಟಾಗ ಗರಡಿಯ ಪೆಟ್ಟಿಗೆಗೆ ಬಿದ್ದೆ. ಎಷ್ಟು ಕಾಲ ಅಲ್ಲಿದ್ದೆನೋ ತಿಳಿಯದು. ಒಂದು ದಿನ ಪಾಪಣ್ಣ ನನ್ನನ್ನು ಹೊರತೆಗೆದ. ಅವನ ಕೈ ಮೇಲಿನ ಕೂದಲು ಬೆಳ್ಳಗಾಗಿತ್ತು. ಅವನು ನನ್ನನ್ನು ಚೀಲಕ್ಕೆ ಹಾಕಿಕೊಂಡು ಜವರನ ಮನೆಗೆ ಹೋದ. ಜವರ ಮತ್ತೆ ಸಾಮಿಲ್ಲಿಗೇ ಸೇರಿದ್ದ. ಈಗ ದಿಮ್ಮಿ ಹೊರುವ ಶಕ್ತಿ ಮಂಡಿಗೆ ಉಳಿದಿರಲಿಲ್ಲ, ಗೇಟು ಕಾಯುತ್ತಿದ್ದ.

"ನಿನ್ನ ಚಡ್ಡಿ ಅಣ್ಣಾ. ಪೆಟ್ಟಿಗೇಲಿ ಸಿಕ್ತು" ಎಂದು ಪಾಪಣ್ಣ ನನ್ನನ್ನು ಜಗಲಿಯ ಮೇಲಿಟ್ಟ. "ಗರಡೀಲಿ ಅಪ್ಪನ ಫೋಟೋ ಹಾಕ್ತಾ ಇದೀವಿ. ನೀನೇ ಬಂದು ಹಾರ ಹಾಕ್ಬೇಕು. ನಿನಗೂ ಮೈಸೂರು ಪೇಟ ತೊಡಿಸ್ತೀವಿ. ಮೈಕಲ್ಲಿ ನಾನೇ ನಮ್ಮಿಬ್ಬರ ಕುಸ್ತಿ ಕಥೆ ಹೇಳ್ತೀನಿ."

"ಅದೊಂದು ಹೇಳ್ಬೇಡ ಪಾಪಾ."

"ಇನ್ನೂ ಬೇಜಾರಾ? ಸೋಲು ಗೆಲುವು ಇದ್ದದ್ದೇ ಅಲ್ವಾ ಅಣ್ಣಾ."

ಆಗ ಜವರ ಹೇಳಿಬಿಟ್ಟ. ಮಧ್ಯಾಹ್ನ, ಮಟ್ಟಿ, ಮಣ್ಣು ಮುಟ್ಟಿದ್ದು, ಕೈ ಕೊಟ್ಟದ್ದು, ಎಲ್ಲ. ಒಳಗೆ ಪಾತ್ರೆಯ ಸದ್ದು ನಿಂತಿತು. ಚಿಕ್ಕತಾಯಮ್ಮ ಬಾಗಿಲಿಗೆ ಬಂದಳು. ಅವಳೂ ಇದನ್ನು ಈಗಲೇ ಕೇಳುತ್ತಿದ್ದಳು.

ಪಾಪಣ್ಣ ಮೊದಲು ನಕ್ಕ. ಆಮೇಲೆ ಅವನ ದನಿ ಬದಲಾಯಿತು. "ಸೋತೋರೆಲ್ಲ ಇಂಥ ಕಥೆ ಕಟ್ತಾರೆ ಕಣಣ್ಣಾ. ನೀನೂ ಕಟ್ಟೀಯ ಅಂದ್ಕೊಂಡಿರ್ಲಿಲ್ಲ. ಅದೂ ಸತ್ತೋರ ಮೇಲೆ."

ಜವರ ಅಂಗಳಕ್ಕೆ ಇಳಿದ. "ಬಾ. ಕೈ ಕೊಡು. ನನ್ನ ಅಲ್ಲಾಡ್ಸು ನೋಡನ."

"ಈ ವಯಸ್ಸಲ್ಲಾ? ಸುಮ್ಕಿರಣ್ಣಾ."

"ಕೈ ಕೊಡ್ಲಾ!"

ಅವನು ಕಾಲೂರಿ ನಿಂತ. ಪಾಪಣ್ಣ ಕೈ ಕುಲುಕಿ, ಹಿರಿಯರ ಮಾತು ಮೀರಲಾರದವನಂತೆ, ಅವನ ಹೆಗಲಿಗೆ ಕೈ ಹಾಕಿ ಮೆಲ್ಲನೆ ತಳ್ಳಿದ. ಜವರನ ಮಂಡಿ ಕಟಕ್ ಎಂದಿತು. ಅವನು ಹಿಂದಕ್ಕೆ ಬಿದ್ದ. ನಿಜವಾಗಿಯೂ ಬಿದ್ದ.

ಪಾಪಣ್ಣ ಬಾಗಿ ಎಬ್ಬಿಸಿದ, ಬೆನ್ನು ಒರೆಸಿದ, ಕಣ್ಣಲ್ಲಿ ನೀರು ತಂದುಕೊಂಡ. "ನೋಡಿದ್ಯಾ ಅಣ್ಣಾ. ಬುಟ್ಬುಡು ಇನ್ನ" ಎಂದ. ಅದರಲ್ಲಿ ಕುಹಕ ಇರಲಿಲ್ಲ, ಕನಿಕರ ಇತ್ತು. ಪೇಟದ ವಿಷಯ ಮತ್ತೊಮ್ಮೆ ನೆನಪಿಸಿ ಹೊರಟುಹೋದ.

ಚಿಕ್ಕತಾಯಮ್ಮ ಗಂಡನ ಪಕ್ಕ ಕೂತು ಮಂಡಿಗೆ ಎಣ್ಣೆ ತಿಕ್ಕಿದಳು. ತಿಕ್ಕುತ್ತಲೇ ಕೇಳಿದಳು: "ಅವತ್ತೂ ಹಿಂಗೇ ಬಿದ್ರಾ?"

ಜವರ ಅಂಗಳವನ್ನೇ ನೋಡುತ್ತಿದ್ದ. "ಇರ್ಬೋದು ಕಣೇ" ಎಂದ.

ಈಗ ನಾನು ಅವಳ ಒಲೆಯ ಪಕ್ಕದಲ್ಲಿದ್ದೇನೆ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ನಾನು. ದಪ್ಪ ಬಟ್ಟೆಯಾದ್ದರಿಂದ ಕೈ ಸುಡುವುದಿಲ್ಲ ಎಂದು ಮೆಚ್ಚಿಕೊಂಡಿದ್ದಾಳೆ. ನನಗೆ ವಯಸ್ಸಾಗಿದೆ, ಮರೆವು ಬಂದಿದೆ, ಎಷ್ಟೋ ಊರುಗಳ ಹೆಸರು ತಪ್ಪಿ ಹೇಳಿರಬಹುದು. ಉಸ್ತಾದ ಜವರನ ಗರಡಿಯನ್ನು ಕಿತ್ತುಕೊಂಡ. ಅದಕ್ಕಿಂತ ಹೆಚ್ಚಾಗಿ, ಅಂದು ಅವನು ಏನು ಮಾಡಿದ ಎಂಬುದರ ನೆನಪನ್ನೇ ಅವನಿಂದ ಕಿತ್ತುಕೊಂಡ. ಅವನೇ ನಂಬದ ಮೇಲೆ ಮಸಿಬಟ್ಟೆಯ ಸಾಕ್ಷಿ ಯಾರಿಗೆ ಬೇಕು? ಆದರೂ ಅವನ ಸೊಂಟದ ಮೇಲೆ ಇದ್ದದ್ದು ನಾನು. ಆ ದಸರಾ ದಿನ ಅವನು ಬೀಳಲಿಲ್ಲ. ಮಲಗಿಕೊಂಡ.