ನಿಧಾನಪ್ಪ ರೂಟು ತಪ್ಪಿದ್ದು

ಕೊನೆಯ ಗುಂಡಿ ಸೇರಲಿಲ್ಲ. ಖಾಕಿ ಅಂಗಿಯ ಎರಡು ಅಂಚನ್ನೂ ಹಿಡಿದೆಳೆದು ನೋಡಿದಳು ಹೆಂಡತಿ. ನೀರು ತುಂಬಿ ಬಿಗಿದಿದ್ದ ಹೊಟ್ಟೆ ಸತ್ತ ಮೇಲೂ ಹಟ ಬಿಡಲಿಲ್ಲ.

"ಬೆನ್ನ ಕಡೆ ಕತ್ತರಿಸಿಬಿಡೋಣ ಅಕ್ಕಾ, ಯಾರಿಗೂ ಕಾಣಲ್ಲ," ಎಂದಳು ತಂಗಿ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ಕತ್ತು ಉದ್ದ ಮಾಡಿದಳು. "ಅಯ್ಯೋ ಪಾಪ, ಎಷ್ಟು ಊದಿದೆ. ಲಿವರ್ ಅಂದ್ರೆ ಅದೇ ತಾನೇ? ಕುಡಿತ ಯಾರನ್ನ ಬಿಟ್ಟಿದೆ ಹೇಳಿ."

"ಅವರು ಕುಡೀತಿರಲಿಲ್ಲ."

"ಹೋಗ್ಲಿ ಬಿಡಮ್ಮ, ಈಗ್ಯಾಕೆ ಆ ಮಾತು," ಎಂದು ಆಕೆ ದೊಡ್ಡ ಮನಸ್ಸು ಮಾಡಿದಳು.

ಕ್ಷಮಿಸಲು ಇವಳ್ಯಾರು ಎಂದುಕೊಂಡು ಹೆಂಡತಿ ಅಂಗಿಯ ಬೆನ್ನಿಗೆ ಕತ್ತರಿ ಹಾಕಿದಳು. ಸಿಟಿ ಬಸ್ಸಿನ ಡ್ರೈವರ್ ಆತ. ಓಡಿ ಬರುವ ಮುದುಕಿಯರಿಗಾಗಿ ಬಸ್ಸು ನಿಲ್ಲಿಸಿ ಕಾಯುತ್ತಿದ್ದನೆಂದು ಡಿಪೋದವರು ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಬದುಕಿದಷ್ಟು ಕಾಲ ಅವನು ಮುಟ್ಟದ ಹೆಂಡವನ್ನು ಸತ್ತ ದಿನ ಊರೆಲ್ಲ ಸೇರಿ ಕುಡಿಸುತ್ತಿತ್ತು.

*

"ಇದು ಹೆಪಟೈಟಿಸ್ ಬಿ," ಎಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ. "ಹುಟ್ಟುವಾಗ್ಲೇ ತಾಯಿಯಿಂದ ಬಂದಿರಬೇಕು. ಇಷ್ಟು ವರ್ಷ ಸದ್ದಿಲ್ಲದೆ ಲಿವರ್ ತಿಂದಿದೆ. ಗಂಟುಗಟ್ಟಿರೋದು ಸರಿಹೋಗೋದು ಕಷ್ಟ. ಉಳಿದಿರೋದನ್ನ ಉಳಿಸ್ಕೋಬಹುದು. ಮಾತ್ರೆ ಮಾತ್ರ ಯಾವತ್ತೂ ಬಿಡಬೇಡಿ."

ಉಪ್ಪು ಕಡಿಮೆ ಮಾಡಿ ಎಂದರು. ಹೊಟ್ಟೆ ಸಡಿಲಿಸುವ ಒಂದು ಸಿರಪ್ಪೂ ಬರೆದರು. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಖಾಲಿಯಾಗಲೇಬೇಕು, ಇಲ್ಲದಿದ್ದರೆ ಲಿವರ್ ಸೋಸದೆ ಬಿಟ್ಟ ವಿಷ ತಲೆಗೇರುತ್ತದೆ ಎಂದರು.

"ಬಸ್ಸು ತುಂಬ ಜನ ಇರ್ತಾರೆ ಡಾಕ್ಟ್ರೇ. ನಡುವೆ ಎಲ್ಲಿ ಹೋಗ್ಲಿ?"

ಅದಕ್ಕೇ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಡಿ ಎಂದು ಅವರು ಡಿಪೋಗೂ ತಿಳಿಸಿದರು. ಡಿಪೋ ಮ್ಯಾನೇಜರು ನಕ್ಕ. "ಕುಡಿದು ಲಿವರ್ ಸುಟ್ಕೊಂಡೋರಿಗೆಲ್ಲ ಕುರ್ಚಿ ಹಾಕ್ತಾ ಹೋದ್ರೆ ಬಸ್ ಓಡ್ಸೋರ್ಯಾರು?"

ಆಸ್ಪತ್ರೆಯಿಂದ ಹೊರಡುವಾಗ ಹೆಂಡತಿ ಡಾಕ್ಟರಮ್ಮನನ್ನು ಕೇಳಿದ್ದಳು, ನಾಟಿ ಔಷಧಿ ಏನಾದರೂ ಕೊಡಬಹುದಾ ಎಂದು. "ಕಾಫಿ ಕುಡೀಲಿ, ದಿನಾ ನಡೀಲಿ, ಹೊಟ್ಟೆ ತುಂಬ ಊಟ ಮಾಡ್ಲಿ. ಬೇರಿನ ಪುಡಿ ಮಾತ್ರ ಬೇಡಮ್ಮ, ಅದರೊಳಗೆ ಏನಿರುತ್ತೋ ಕೊಡೋನಿಗೂ ಗೊತ್ತಿರಲ್ಲ."

ಕೊಡುವವನು ಮನೆಯಲ್ಲೇ ಇದ್ದ. ಗಂಡನ ಅಣ್ಣ, ನಿವೃತ್ತ ಡ್ರಿಲ್ ಮೇಷ್ಟ್ರು. ತಂದೆತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವನು. ಆ ಉಪಕಾರವನ್ನು ಒಂದು ದಿನವೂ ಮರೆಯಗೊಟ್ಟವನಲ್ಲ. ಸೀಟಿ ಊದಿ ಮಕ್ಕಳನ್ನು ಓಡಿಸುತ್ತಿದ್ದ ಬಾಯಿ ನಿವೃತ್ತಿಯ ನಂತರ ಪ್ರಕೃತಿಯ ವಕ್ತಾರನಾಗಿತ್ತು.

"ಸೋತಿರೋ ಲಿವರಿಗೆ ಇನ್ನೊಂದು ವಿಷ ಸುರೀತೀಯೇನೋ? ಮಾತ್ರೆನೂ ಬಿಡು, ಆ ಸಿರಪ್ಪೂ ಬಿಡು. ಬೆಳಿಗ್ಗೆ ಎದ್ದು ಈ ಪುಡಿ ಕಲಸ್ಕೊಂಡು ಕುಡಿ."

"ಡಾಕ್ಟರಮ್ಮನ್ನ ಒಂದ್ಮಾತು ಕೇಳೋಣ ಭಾವ," ಎಂದಳು ಅವಳು.

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಬಾರದು."

ಗಂಡ ಅವಳ ಮುಖ ನೋಡಲಿಲ್ಲ. "ಅಣ್ಣ ಹೇಳಿದ್ಮೇಲೆ ಆಯ್ತು," ಎಂದ. ರೂಟಿನ ನಡುವೆ ಬಸ್ಸಿಳಿದು ಓಡುವ ಅವಮಾನ ತಪ್ಪಿತಲ್ಲ ಎಂಬ ಸಮಾಧಾನವೂ ಅವನಿಗಿತ್ತು.

*

ಒಂದು ಮಧ್ಯಾಹ್ನ ಬೀದಿಯಲ್ಲಿ ಹಾರನ್ ಕೇಳಿ ಅವಳು ಒದ್ದೆಗೈಯಲ್ಲೇ ಹೊರಗೆ ಬಂದಳು. ಎರಡೂ ಕಡೆಯ ಗೋಡೆಗೆ ಕನ್ನಡಿ ತಾಗುವ ಹಾಗೆ ಸಿಟಿ ಬಸ್ಸು ಮನೆಯ ಮುಂದೆ ಸಿಕ್ಕಿಕೊಂಡು ನಿಂತಿತ್ತು, ಜನರ ಸಮೇತ.

"ಕೊನೇ ಸ್ಟಾಪು, ಎಲ್ರೂ ಇಳೀರಿ. ಊಟ ಮಾಡ್ಕೊಂಡು ಹೋಗಿ," ಎನ್ನುತ್ತಿದ್ದ ಗಂಡ. ಸ್ಟೇರಿಂಗ್ ಮೇಲಿನ ಕೈಗಳು ಗಾಯಗೊಂಡ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿಯುತ್ತಿದ್ದವು. "ಫುಲ್ ಟೈಟು," ಎಂದು ಕಿಟಕಿಯೊಳಗಿಂದ ಯಾರೋ ನಕ್ಕರು. ಮೊಬೈಲುಗಳು ಮೇಲೆದ್ದವು. ಆಸ್ಪತ್ರೆಗೆ ಒಯ್ಯೋಣ ಎಂದವರೊಬ್ಬರಿಲ್ಲ.

ಅವಳು ಮೆಟ್ಟಿಲು ಹತ್ತಿ ಅವನ ಕೈ ಹಿಡಿದಳು. "ನಾನ್ಯಾರು ಗೊತ್ತಾಯ್ತಾ?"

ಅವನು ಸೌಜನ್ಯದಿಂದ ನೋಡಿದ. "ನೀವು ಎಲ್ಲಿ ಇಳೀಬೇಕಮ್ಮ?"

ಸುದ್ದಿ ತಿಳಿದು ಡಿಪೋದಿಂದ ಓಡಿ ಬಂದ ಮ್ಯಾನೇಜರು ಉಸಿರು ಪರೀಕ್ಷಿಸುವ ಯಂತ್ರವನ್ನು ಅವನ ಬಾಯಿಗಿಟ್ಟ. ಸೊನ್ನೆ ತೋರಿಸಿತು. "ಮಷೀನ್ ಕೆಟ್ಟಿದೆ," ಎಂದ ಮ್ಯಾನೇಜರು.

ಆಸ್ಪತ್ರೆಗೆ ಅವಳೇ ಒಯ್ದಳು. ಆ ವೇಳೆಗೆ ಉಳಿಸಿಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ.

*

ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು. ಭಾವ ಗಂಟಲು ಸರಿಮಾಡಿಕೊಂಡ.

"ನನ್ನ ತಮ್ಮ ಕೊನೆಕೊನೆಗೆ ಶುದ್ಧವಾಗಿದ್ದ. ಇಂಗ್ಲಿಷ್ ಔಷಧಿ ಒಂದು ಹನಿನೂ ಮೈಯಲ್ಲಿರಲಿಲ್ಲ. ಸ್ವಲ್ಪ ಮೊದಲೇ ನನ್ನ ಮಾತು ಕೇಳಿದ್ರೆ ಉಳೀತಿದ್ದ."

"ಭಾವ," ಎಂದಳು ಅವಳು. ದನಿ ಏರಲಿಲ್ಲ. "ಮಾತ್ರೆ ತಗೊಳ್ಳೋವಾಗ ಅವರು ಬಸ್ ಓಡಿಸ್ತಿದ್ರು. ನಿಮ್ಮ ಪುಡಿ ಶುರುವಾದ್ಮೇಲೆ ನನ್ನನ್ನೇ ಮರೆತ್ರು. ನೀವು ಕೊಂದ್ರಿ. ನಾನು ಮರ್ಯಾದೆ ಕೊಟ್ಕೊಂಡು ನೋಡ್ತಾ ನಿಂತೆ."

ಯಾರೋ ಕೆಮ್ಮಿದರು. "ಸಂಕಟ ಮಾತಾಡಿಸ್ತಿದೆ ಪಾಪ," ಎಂದಳು ಪಕ್ಕದ ಮನೆಯಾಕೆ.

ಭಾವ ಕರುಣೆಯಿಂದ ತಲೆಯಾಡಿಸಿದ. "ಈ ಕೋಪಾನೂ ಪಿತ್ತಾನೇ ಕಣಮ್ಮ. ಅದಕ್ಕೂ ಕೊಡ್ತೀನಿ," ಎಂದು ಹೆಗಲ ಚೀಲದಿಂದ ಪೊಟ್ಟಣ ತೆಗೆದ.

ಅವಳು ಕೈ ಚಾಚಲಿಲ್ಲ. ಬೇರೆ ಕೈಗಳು ಚಾಚಿದವು. ಒಬ್ಬನಿಗೆ ಗ್ಯಾಸಂತೆ, ಇನ್ನೊಬ್ಬಳಿಗೆ ಸುಸ್ತಂತೆ. ಉಗುರ ಸಂದಿಗಳಲ್ಲಿ ಆಗಷ್ಟೇ ಹಾಕಿದ ಮಣ್ಣು ಇನ್ನೂ ಹಸಿಯಾಗಿತ್ತು. ಡಿಪೋ ಮ್ಯಾನೇಜರೂ ಕರವಸ್ತ್ರದಲ್ಲಿ ಬೆರಳೊರೆಸಿಕೊಂಡು ಬಂದು, ದನಿ ತಗ್ಗಿಸಿ ಕೇಳಿದ:

"ಸಂಜೆ ಒಂದೆರಡು ಪೆಗ್ ಹಾಕಿದ್ರೆ ತೊಂದ್ರೆ ಇಲ್ವಾ ಮೇಷ್ಟ್ರೇ?"

"ಊಟಕ್ಕೆ ಮುಂಚೆ ಇದು. ಆಮೇಲೆ ಅದು."

ಮ್ಯಾನೇಜರು ಪೊಟ್ಟಣವನ್ನು ಎದೆಯ ಜೇಬಿಗಿಳಿಸಿ, ಮೇಲಿಂದ ಎರಡು ಸಲ ಮೆತ್ತಗೆ ತಟ್ಟಿಕೊಂಡ.